ಕದ ಹಾಕಿಸಿದ ದನಿ

ಬೆಳಕು ಇನ್ನೂ ಹರಿಯಲೋ ಬೇಡವೋ ಎಂದು ಅನುಮಾನಿಸುತ್ತಿರುವ ಹೊತ್ತು. ನಗರಸಭೆಯ ಹಿಂಬದಿಯ ಶೆಡ್ಡಿನಲ್ಲಿ ಪುಟ್ಟದೊಂದು ವ್ಯಾನು ನಿಂತಿದೆ. ಅದರ ನೆತ್ತಿಯ ಮೇಲೆ ಎರಡು ಧ್ವನಿವರ್ಧಕಗಳು, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಮುಖ ತಿರುಗಿಸಿ ಕೂತಿವೆ. ವ್ಯಾನಿನ ಮೆಟ್ಟಿಲ ಮೇಲೆ ಕುಳಿತ ಹೆಂಗಸೊಬ್ಬರು ಉಗುರುಬೆಚ್ಚಗಿನ ಉಪ್ಪುನೀರನ್ನು ಗಂಟಲಲ್ಲಿ ಗಳಗಳ ಆಡಿಸಿ, ಗೋಡೆಯ ಬುಡಕ್ಕೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಆಮೇಲೆ ಕಣ್ಣು ಮುಚ್ಚಿ, ಮಗುವಿಗೆ ಜೋಗುಳ ಹೇಳುವಷ್ಟು ಮೆಲ್ಲಗೆ, ಒಂದೇ ಒಂದು ‘ಅ’ವನ್ನು ಎಳೆಯುತ್ತಾರೆ. ಅದು ತೊಡಕಿಲ್ಲದೆ ಬಂದರೆ ಆ ದಿನದ ಕೆಲಸ ಶುರು.

‘ಏನಕ್ಕಾ, ಇವತ್ತು ಯಾರ್ಯಾರನ್ನ ಒಳಗೆ ಓಡಿಸೋಣ?’ ಎನ್ನುತ್ತಾರೆ ಡ್ರೈವರು, ಕೀಲಿ ತಿರುಗಿಸುತ್ತಾ.

‘ಬಾಯಿ ಮುಚ್ಕೊಂಡು ಗಾಡಿ ತೆಗಿ ಅಣ್ಣ.’

ಇಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರಿಗೂ ಗೊತ್ತಿಲ್ಲ. ಇವರು ಅವರನ್ನು ಅಣ್ಣ ಎನ್ನುತ್ತಾರೆ, ಅವರು ಇವರನ್ನು ಅಕ್ಕ ಎನ್ನುತ್ತಾರೆ. ಹೀಗಾಗಿ ಪಾಪ, ಇಬ್ಬರಿಗೂ ಸುಮ್ಮಸುಮ್ಮನೆ ವಯಸ್ಸು ಏರುತ್ತಿದೆ.

ಊರಿನವರು ಈ ಹೆಂಗಸನ್ನು ಕರೆಯುವುದು ಮೈಕಮ್ಮ ಎಂದು. ಎದುರಿಗೆ ಕರೆಯುವುದು ಅಪರೂಪ, ಏಕೆಂದರೆ ಎದುರಿಗೆ ಸಿಕ್ಕರೆ ಗುರುತೇ ಹತ್ತುವುದಿಲ್ಲ. ದನಿಯನ್ನು ಕೇಳಿದವರು ಊರಿಗೆ ಊರೇ ಇದ್ದಾರೆ. ದನಿಯ ಹಿಂದಿನ ಮುಖವನ್ನು ನೋಡಿದವರು ಬೆರಳೆಣಿಕೆಯಷ್ಟು.

ವ್ಯಾನು ಮೊದಲ ಬೀದಿಗೆ ಹೊಕ್ಕು, ಮೈಕಮ್ಮ ಬಾಯಿ ತೆರೆದ ಕೂಡಲೇ ಒಂದು ವಿಚಿತ್ರ ನಡೆಯುತ್ತದೆ. ‘ನಾಗರಿಕರೇ’ ಎನ್ನುವಷ್ಟರಲ್ಲಿ ಎಡಗಡೆಯ ಮಹಡಿಯಲ್ಲಿ ಒಂದು ಕಿಟಕಿ ಟಪ್ಪೆಂದು ಮುಚ್ಚುತ್ತದೆ. ಬಲಗಡೆ ಇನ್ನೊಂದು. ಜಗಲಿಯಲ್ಲಿ ಆಡುತ್ತಿದ್ದ ಮಗುವನ್ನು ಒಂದು ಕೈ ಬಂದು ಎತ್ತಿಕೊಂಡು ಹೋಗುತ್ತದೆ. ಕಥೆಯಲ್ಲಿ ರಾಕ್ಷಸ ಬರುವ ಸದ್ದಿಗೆ ಪಟ್ಟಣದ ಏಳು ಬಾಗಿಲೂ ತಾವಾಗಿ ಮುಚ್ಚಿಕೊಳ್ಳುತ್ತವಲ್ಲ, ಹಾಗೆ. ಸಾಂಕ್ರಾಮಿಕ ಹೋಗಿ ಎಷ್ಟೋ ದಿನವಾಯಿತು. ಮುಚ್ಚಿ ಎಂದು ಈಗ ಯಾರೂ ಹೇಳುತ್ತಿಲ್ಲ. ಇವತ್ತು ಮೈಕಮ್ಮ ಹೇಳುತ್ತಿರುವುದು ಕುಡಿಯುವ ನೀರಿನ ಕೊಳವೆ ರಿಪೇರಿಯ ಸಂಗತಿ. ಆದರೆ ಚಿಲಕದ ಮೇಲಿನ ಕೈಗಳಿಗೆ ಅದು ಇನ್ನೂ ತಿಳಿದಿಲ್ಲ.

‘ಸುದ್ದಿ ಕಾಯಿಲೆದು, ದನಿ ನಂದು,’ ಎನ್ನುತ್ತಾರೆ ಅವರು, ಮೈಕನ್ನು ಮಡಿಲಲ್ಲಿ ಮಲಗಿಸಿಕೊಂಡು. ‘ಕಾಯಿಲೆ ಹೋಯ್ತು. ದನಿ ಉಳೀತು.’

ಮೈಕಮ್ಮನ ಮೂಲ ಇರುವುದು ಬಸ್ ನಿಲ್ದಾಣದಲ್ಲಿ. ಅಲ್ಲಿಯ ಗಾಜಿನ ಗೂಡಿನಲ್ಲಿ ಕುಳಿತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ಕಳೆದುಹೋದ ಮಕ್ಕಳ ಅಂಗಿಯ ಬಣ್ಣ ಹೇಳುತ್ತಿದ್ದರು, ಮರೆತು ಬಿಟ್ಟ ಚೀಲಗಳಿಗೆ ಒಡೆಯರನ್ನು ಹುಡುಕುತ್ತಿದ್ದರು. ಒಮ್ಮೆ ಮುನಿಸಿಕೊಂಡು ಹೊರಟಿದ್ದ ಹೆಂಡತಿಯನ್ನು ‘ನಿಮ್ಮ ಯಜಮಾನರು ಎರಡನೇ ಕಂಬದ ಹತ್ತಿರ ಅಳುತ್ತಾ ನಿಂತಿದ್ದಾರೆ’ ಎಂದು ಮೈಕಿನಲ್ಲಿ ಕರೆದು ನಿಲ್ಲಿಸಿದ್ದರು. ಬಸ್ಸುಗಳು ನಿಂತ ದಿನ ಗಾಜಿನ ಗೂಡಿಗೂ ಬೀಗ ಬಿತ್ತು. ನಗರಸಭೆಗೆ ಬೀದಿ ಬೀದಿಯಲ್ಲಿ ಸಾರುವವರು ಬೇಕಾಗಿತ್ತು. ದನಿಯನ್ನು ವ್ಯಾನಿಗೆ ಹತ್ತಿಸಿದರು.

‘ಬರುತ್ತೆ, ಬರುತ್ತೆ ಅಂತ ಹೇಳಿ ಅಭ್ಯಾಸವಾಗಿದ್ದ ಬಾಯಿ ಇದು. ಒಂದೇ ದಿನದಲ್ಲಿ ಬರಬೇಡಿ, ಬರಬೇಡಿ ಅಂತ ಹೇಳ್ಬೇಕಾಯ್ತು. ಮೊದಲನೇ ದಿನ ಬಾಯಿ ತಪ್ಪಿ, ಮನೆಯಲ್ಲೇ ಇರಿ, ಪ್ರಯಾಣಿಕರ ಗಮನಕ್ಕೆ ಅಂದ್ಬಿಟ್ಟೆ.’

ಆ ದಿನಗಳಲ್ಲಿ ಊರೆಲ್ಲ ಒಳಗೆ, ಮೈಕಮ್ಮ ಹೊರಗೆ. ಮನೆಗೆ ಹೋದರೂ ಹೊರಗಿನ ಕೋಣೆಯಲ್ಲೇ ಮಲಗುವುದು. ಹೊಲಿಗೆ ಕೆಲಸದ ಗಂಡ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಮಗಳು ಬಾಗಿಲ ಸಂದಿಯಿಂದಲೇ ಪಾಠ ಒಪ್ಪಿಸುತ್ತಿದ್ದಳು. ಅತ್ತೆಯವರಿಗೆ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ. ಕಿವಿ ಕೇಳಿಸದ ಆ ಹಿರಿಯರು ಎಂದಿನಂತೆ ಜಗಲಿಯಲ್ಲಿ ಕೂತು, ಸೊಸೆಯ ವ್ಯಾನು ಹೋದಾಗಲೆಲ್ಲ ಕೈ ಬೀಸುತ್ತಿದ್ದರು. ‘ಊರಿಗೆಲ್ಲ ಒಳಗೆ ಹೋಗಿ ಅಂತ ಹೇಳಿ ಬರ್ತಿದ್ದೆ. ನಮ್ಮತ್ತೆ ಒಬ್ರನ್ನ ಒಳಗೆ ಕಳಿಸೋಕೆ ಆಗ್ಲಿಲ್ಲ,’ ಎಂದು ಮೈಕಮ್ಮ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ಪಕ್ಕದ ಮನೆಯಾಕೆಗೆ ಕಾಯಿಲೆ ಬಂದ ದಿನ ತಮ್ಮದೇ ಬೀದಿಯನ್ನು ಮುಚ್ಚಲಾಗಿದೆ ಎಂದು ಸಾರಿದ್ದೂ ಇದೇ ಬಾಯಿ. ಆಕೆ ಗುಣವಾದರು. ಆದರೆ ಇವತ್ತಿಗೂ ಬೇಲಿಯ ಆಚೆಯಿಂದ ಈಚೆಗೆ ಮಾತಿಲ್ಲ.

ಈಗ ಊರು ಎದ್ದು ಕೂರಬೇಕಾಗಿದೆ. ನಗರಸಭೆಯ ದೊಡ್ಡ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಊರಿನ ನಕ್ಷೆ ಹಾಸಿದ್ದಾರೆ. ಅದರ ಸುತ್ತ ಕುರ್ಚಿಗಳು, ಚಹಾ ಲೋಟದ ಉಂಗುರದ ಗುರುತುಗಳು, ‘ಚೇತರಿಕೆ ಯೋಜನೆ’ ಎಂಬ ದಪ್ಪ ಕಡತ. ಯಾವ ಶಾಲೆಗೆ ಮೊದಲು ಸುಣ್ಣ ಬಳಿಯಬೇಕು, ಯಾವ ಉದ್ಯಾನದ ಬೀಗ ತೆಗೆಯಬೇಕು ಎಂಬುದೆಲ್ಲ ಸುಲಭವಾಗಿಯೇ ತೀರ್ಮಾನವಾಗಿದೆ. ಗಂಟಲಿಗೆ ಸಿಕ್ಕಿಕೊಂಡಿರುವುದು ಪೇಟೆ ಬೀದಿ. ಮೊದಲು ಅದರ ಎರಡೂ ಬದಿಯಲ್ಲಿ ಛತ್ರಿ ರಿಪೇರಿಯವರು, ಸಾಣೆ ಹಿಡಿಯುವವರು, ತರಕಾರಿಯವರು, ಚಪ್ಪಲಿ ಹೊಲಿಯುವವರು ಕೂರುತ್ತಿದ್ದರು. ಕಾಯಿಲೆಯ ದಿನಗಳಲ್ಲಿ ಅವರನ್ನು ಎಬ್ಬಿಸಿದ ಮೇಲೆ ಖಾಲಿಯಾದ ಜಾಗಕ್ಕೆ ಕಾರುಗಳು ಬಂದು ನಿಂತವು. ನಿಂತ ಕಾರುಗಳಿಗೆ ಅಲ್ಲೇ ಒಗ್ಗಿಹೋಗಿದೆ.

‘ಈಗ ಯಾರೂ ಜಾಗ ಕೇಳ್ತಾನೇ ಇಲ್ವಲ್ಲ ಮೇಡಂ. ಕಾರಿಗೇ ಬಿಟ್ಟುಬಿಡೋಣ,’ ಎನ್ನುವುದು ಹಿರಿಯ ಸದಸ್ಯರೊಬ್ಬರ ವಾದ.

ಅಧ್ಯಕ್ಷೆ ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಉತ್ತರ ಗೊತ್ತಿದ್ದರೂ ಕೈ ಎತ್ತದ ಮಕ್ಕಳನ್ನು ಬಹಳ ನೋಡಿದ್ದಾರೆ. ‘ಕರೆದು ಕೇಳೋಣ. ಬಂದು ಬೇಕು ಅಂದರೆ ಮಾತಾಡೋಣ. ಕರೆದ ಮೇಲೂ ಬರದಿದ್ದರೆ ಬೇಡ ಅಂತ ಅರ್ಥ ಮಾಡ್ಕೊಳ್ಳೋಣ,’ ಎಂದರು. ಕರೆಯುವ ಕೆಲಸ ಸಹಜವಾಗಿಯೇ ಮೈಕಮ್ಮನ ಪಾಲಿಗೆ ಬಂತು.

ಮೊದಲ ಸಭೆಗೆ ಕುರ್ಚಿಗಳು ಬಂದವು, ನೀರಿನ ಬಾಟಲಿಗಳು ಬಂದವು, ಜನ ಬರಲಿಲ್ಲ. ಅಷ್ಟೇ ಆಗಿದ್ದರೆ ಕಿಟಕಿ ಮುಚ್ಚುವ ಚಾಳಿ ಎಂದು ಸುಮ್ಮನಾಗಬಹುದಿತ್ತು. ಆದರೆ ಅಂದು ಪೇಟೆ ಬೀದಿಯ ತುದಿಯಲ್ಲಿ ಅಳುಕುತ್ತಾ ಮರಳಿ ಬಂದು ಕೂತಿದ್ದ ನಾಲ್ಕಾರು ಮಂದಿಯೂ ಗಂಟುಮೂಟೆ ಕಟ್ಟಿ ಮಾಯವಾಗಿದ್ದರು.

ಎಲ್ಲ ಒಂದು ಪದದ ಆಟ. ಕಾರ್ಯದರ್ಶಿ ಬರೆದುಕೊಟ್ಟ ವಾಕ್ಯ ಹೀಗಿತ್ತು: ‘ಪೇಟೆ ಬೀದಿಯ ವ್ಯಾಪಾರದ ಮೇಲಿನ ನಿರ್ಬಂಧ ತೆರವು ಕುರಿತು ಸಭೆ.’ ಕಾಗದದ ಮೇಲೆ ಯಾವ ತಕರಾರೂ ಇಲ್ಲ. ಆದರೆ ‘ತೆರವು’ ಎಂಬ ಪದಕ್ಕೆ ಎರಡು ಮುಖ. ನಿರ್ಬಂಧ ತೆರವಾದರೆ ಬೀದಿ ತುಂಬುತ್ತದೆ. ಅಂಗಡಿ ತೆರವಾದರೆ ಬೀದಿ ಬರಿದಾಗುತ್ತದೆ. ಬೀದಿ ಬದಿಯಲ್ಲಿ ಕೂತು ಹೊಟ್ಟೆ ಹೊರೆಯುವವರು ಜೀವಮಾನವೆಲ್ಲ ಕೇಳಿರುವುದು ಎರಡನೆಯ ಮುಖವನ್ನೇ. ಅದೂ ಸಾಲದೆ, ಮೈಕಮ್ಮ ‘ವ್ಯಾಪಾರದ ಮೇಲಿನ ನಿರ್ಬಂಧ’ ಎನ್ನುವ ಹೊತ್ತಿಗೆ ಸರಿಯಾಗಿ ವ್ಯಾನಿನ ಬ್ರೇಕು ಕಿರ್ರೆಂದು ಕಿರುಚಿತು. ಬೀದಿಯ ಕಿವಿಗೆ ಬಿದ್ದದ್ದು ಎರಡೇ ಮಾತು: ಪೇಟೆ ಬೀದಿ, ತೆರವು.

ಮಾರನೆಯ ದಿನ ಕಾರ್ಯದರ್ಶಿಯ ಮೇಜಿನ ಮುಂದೆ ವಿಚಾರಣೆ.

‘ನಾನು ಬರೆದಿದ್ದು ಸರಿಯಾಗೇ ಇದೆ,’ ಎಂದರು ಕಾರ್ಯದರ್ಶಿ.

‘ನಾನು ಓದಿದ್ದೂ ಸರಿಯಾಗೇ ಇದೆ ಸಾರ್,’ ಎಂದರು ಮೈಕಮ್ಮ.

‘ನಾನು ಬ್ರೇಕ್ ಹಾಕಿದ್ದೂ ಸರಿಯಾಗೇ ಇದೆ. ನಾಯಿ ಅಡ್ಡ ಬಂತು,’ ಎಂದರು ಡ್ರೈವರು.

ಹೀಗೆ ತಪ್ಪೆಲ್ಲ ಆ ನಾಯಿಯ ತಲೆಗೆ ಬಂತು. ಹಿರಿಯ ಸದಸ್ಯರಿಗೆ ಮಾತ್ರ ಸಮಾಧಾನವಾಗಲಿಲ್ಲ. ‘ಈಯಮ್ಮನ ದನಿ ಕೇಳಿದ್ರೇ ಜನ ಅಡಗಿಕೊಳ್ತಾರೆ. ಯಾರದಾದರೂ ಇಂಪಾದ ದನಿ ರೆಕಾರ್ಡ್ ಮಾಡಿಸಿ ಹಾಕಿಬಿಡಿ,’ ಎಂದರು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಈಗಾಗಲೇ ಅಂಥದೊಂದು ಇಂಪಾದ ದನಿ ಬಂದು ಕೂತಿದೆ. ಅಂದರೆ ಮೈಕಮ್ಮನಿಗೆ ಹಿಂದಕ್ಕೂ ದಾರಿಯಿಲ್ಲ. ಅಧ್ಯಕ್ಷೆ ಕೊನೆಯದಾಗಿ ಇನ್ನೊಂದು ಸಭೆಗೆ ದಿನ ಗೊತ್ತು ಮಾಡಿದರು. ಆ ದಿನವೂ ಕುರ್ಚಿ ಖಾಲಿಯಾದರೆ ಪೇಟೆ ಬೀದಿ ಕಾರುಗಳದ್ದು.

ಮೈಕಮ್ಮ ಈಗ ಒಂದು ಕೆಲಸ ಮಾಡುತ್ತಾರೆ. ಮೈಕನ್ನು ವ್ಯಾನಿನಲ್ಲೇ ಬಿಟ್ಟು ಇಳಿದು ನಡೆಯುತ್ತಾರೆ. ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಛತ್ರಿ ಅಜ್ಜನ ಮನೆ. ಊರಿನ ಛತ್ರಿಗಳ ಮುರಿದ ಕಡ್ಡಿಯನ್ನೆಲ್ಲ ಕಟ್ಟಿಕೊಟ್ಟ ಆ ಮುದುಕ ಹೊಸ್ತಿಲ ಮೇಲೆ ಬರಿಗೈಯಲ್ಲಿ ಕೂತಿದ್ದಾರೆ. ಪಕ್ಕದ ಕಲ್ಲಿನ ಮೇಲೆ ಸಾಣೆಯವನು, ಎದುರಿಗೆ ತರಕಾರಿ ಅಕ್ಕ. ಕೆಲಸವಿಲ್ಲದ ಮೂವರು ಸೇರಿದರೆ ಆಗುವಷ್ಟು ಮಾತು ಅಲ್ಲಿ ನಡೆದಿದೆ.

‘ಯಾರಮ್ಮಾ ನೀನು?’

‘ನಗರಸಭೆ ಮೈಕಿನವಳು ಅಜ್ಜ.’

ಅಜ್ಜ ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡುತ್ತಾರೆ. ‘ಆ ದನಿ ನಿಂದಾ? ಆನೆ ಗಾತ್ರ ಇರ್ತೀಯ ಅಂದ್ಕೊಂಡಿದ್ದೆ. ಇಷ್ಟೇ ಇಷ್ಟಿದ್ದೀಯಲ್ಲೇ!’

‘ನನ್ನ ದನಿ ಕೇಳಿದ್ರೆ ನಿಮಗೆ ಏನನ್ಸುತ್ತೆ, ನಿಜ ಹೇಳಿ,’ ಎಂದು ಮೈಕಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾರೆ. ಬೈಸಿಕೊಳ್ಳಲು ಬಂದವರ ಅಳುಕು ಆ ಮುಖದಲ್ಲಿಲ್ಲ. ಗಡಿಯಾರ ಯಾಕೆ ನಿಂತಿತೆಂದು ಬಿಚ್ಚಿ ನೋಡುವವರ ಕುತೂಹಲವಿದೆ.

‘ಹೇಳ್ಲಾ? ಬೇಜಾರು ಮಾಡ್ಕೋಬೇಡ,’ ಎನ್ನುತ್ತಾರೆ ತರಕಾರಿ ಅಕ್ಕ. ‘ನೀನು ನಾಗರಿಕರೇ ಅಂದ್ರೆ ಸಾಕು, ಕೈ ತಾನಾಗೇ ಚಿಲಕಕ್ಕೆ ಹೋಗುತ್ತೆ. ಆಮೇಲೆ ನೀನೇನು ಹೇಳ್ತೀಯೋ ಒಂದೂ ಕೇಳಿಸಲ್ಲ ನೋಡು.’

‘ಮೊನ್ನೆ ಕೇಳಿಸ್ತಲ್ಲ, ಎದ್ದು ಹೋಗಿ ಅಂತ,’ ಎಂದು ಸಾಣೆಯವನು ಗೊಣಗುತ್ತಾನೆ.

‘ಅಯ್ಯೋ, ಎದ್ದು ಹೋಗಿ ಅಂತಲ್ವೋ ಮಾರಾಯ, ಬಂದು ಕೂತ್ಕೊಳ್ಳಿ ಅಂತ!’ ಮೈಕಮ್ಮ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ತೆರವು ಎಂದರೆ ಏನು, ನಿರ್ಬಂಧ ಎಲ್ಲಿ ಹೋಯಿತು, ನಾಯಿ ಎಲ್ಲಿಂದ ಬಂತು. ಕೇಳಿ ಮುಗಿಸಿದ ಅಜ್ಜ ನಕ್ಕು ನಕ್ಕು ಕೆಮ್ಮುತ್ತಾರೆ.

‘ನಾವು ಮೂವರು ಬರ್ತೀವಿ ಕಣವ್ವ. ಆದ್ರೆ ಮೂವರು ಹೋಗಿ ಕೂತ್ರೆ ಬೀದಿ ಕೊಡ್ತಾರಾ? ನಮ್ಮ ಹತ್ರ ಬರ್ತಿದ್ದ ಜನ ಬಂದು ಹೇಳ್ಬೇಕು. ಅವರನ್ನ ಕರೆಯೋದು ಹ್ಯಾಗೆ?’

‘ಮೊದಲೆಲ್ಲ ಹ್ಯಾಗೆ ಕರೀತಿದ್ರಿ?’

ಅಜ್ಜನಿಗೆ ನಾಚಿಕೆಯಾಗುತ್ತದೆ. ಬೀದಿ ಮುಚ್ಚಿದ ದಿನದಿಂದ ಕೂಗಿಲ್ಲ. ಕೂಗು ಒಳಗೆ ಇದೆಯೋ ತುಕ್ಕು ಹಿಡಿದಿದೆಯೋ ಅವರಿಗೇ ಗೊತ್ತಿಲ್ಲ. ತರಕಾರಿ ಅಕ್ಕ ತಿವಿದು ತಿವಿದು ಎಬ್ಬಿಸಿದ ಮೇಲೆ ಓಣಿಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡು ಎಳೆಯುತ್ತಾರೆ: ‘ಛತ್ರೀ... ಮುರಿದ ಛತ್ರೀ... ಮಡಚದ ಛತ್ರೀ... ಬಿಚ್ಚದ ಛತ್ರೀಯೇ...’

ಮಹಡಿಯ ಮೇಲೆ ಒಂದು ಕಿಟಕಿ ಧಡಾರೆಂದು ತೆರೆಯುತ್ತದೆ. ‘ಅಜ್ಜಾ! ಬಂದ್ರಾ? ನಿಲ್ಲಿ, ನಿಲ್ಲಿ, ಹೋಗ್ಬೇಡಿ!’

ಮೈಕಮ್ಮ ಬಾಯಿ ಬಿಟ್ಟುಕೊಂಡು ಆ ಕಿಟಕಿಯನ್ನೇ ನೋಡುತ್ತಾರೆ. ಎಷ್ಟು ದಿನವಾಗಿತ್ತು, ಒಂದು ಕೂಗಿಗೆ ಕಿಟಕಿ ತೆರೆಯುವುದನ್ನು ನೋಡಿ!

ಸಭೆಯ ದಿನ ಬೆಳಗಿನ ಜಾವ ವ್ಯಾನಿನಲ್ಲಿ ಜಾಗ ಸಾಲುವುದಿಲ್ಲ. ಮುಂದೆ ಡ್ರೈವರು, ಹಿಂದೆ ಮೈಕಮ್ಮ, ಅಜ್ಜ, ಸಾಣೆಯವನು, ತರಕಾರಿ ಅಕ್ಕ. ಮೈಕಮ್ಮ ಎಲ್ಲರಿಗೂ ಉಪ್ಪುನೀರು ಕೊಡುತ್ತಾರೆ. ಸಾಣೆಯವನು ಅದನ್ನು ನುಂಗಿಬಿಡುತ್ತಾನೆ. ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದು ಅವನು ಕೂಗಿದ ಮೊದಲ ಕೂಗಿಗೆ ಧ್ವನಿವರ್ಧಕವೇ ಕಿಂಯ್ಯೆಂದು ಅಳುತ್ತದೆ.

‘ಗೇಣು ದೂರ ಹಿಡಿಯೋ. ಅದು ನಿನ್ನ ಹೆಂಡ್ತಿ ಅಲ್ಲ, ಅಪ್ಪಿಕೊಳ್ಳೋಕೆ,’ ಎನ್ನುತ್ತಾರೆ ಮೈಕಮ್ಮ.

ಅವರ ಕಸುಬಿನ ಗುಟ್ಟು ಒಂದಿದೆ. ಚಲಿಸುವ ಗಾಡಿಯ ಮಾತನ್ನು ಯಾವ ಮನೆಯೂ ಪೂರ್ತಿ ಕೇಳುವುದಿಲ್ಲ. ಒಂದು ಮನೆಗೆ ತಲೆ ಸಿಗುತ್ತದೆ, ಇನ್ನೊಂದು ಮನೆಗೆ ಬಾಲ. ಹಾಗಾಗಿ ವಾಕ್ಯ ಚಿಕ್ಕದಾಗಿರಬೇಕು. ಅವತ್ತು ಅವರೇ ಕಟ್ಟಿಕೊಟ್ಟ ವಾಕ್ಯದಲ್ಲಿ ತೆರವೂ ಇಲ್ಲ, ನಿರ್ಬಂಧವೂ ಇಲ್ಲ. ಮೊದಲು ಅವರವರ ಕೂಗು, ಆಮೇಲೆ ‘ಸಂಜೆ ನಗರಸಭೆಗೆ ಬನ್ನಿ’. ‘ಮುರಿದ ಛತ್ರೀ... ಸಂಜೆ ನಗರಸಭೆಗೆ ಬನ್ನೀ...’ ‘ಚಾಕೂ ಕತ್ರೀ ಸಾಣೇ... ಸಂಜೆ ನಗರಸಭೆಗೆ ಬನ್ನೀ...’ ಡ್ರೈವರು ಆಮೆಯ ಹಾಗೆ ಓಡಿಸುತ್ತಾರೆ. ಬೀದಿಯ ಎರಡೂ ಬದಿಯಲ್ಲಿ ಕಿಟಕಿಗಳು ಒಂದೊಂದಾಗಿ ತೆರೆಯುತ್ತವೆ. ನಿದ್ದೆಗಣ್ಣಿನ ತಲೆಗಳು ಹೊರಗೆ ಇಣುಕುತ್ತವೆ. ಮೈಕಮ್ಮ ಆ ದಿನ ಮೈಕಿನಲ್ಲಿ ಒಂದು ಮಾತೂ ಆಡುವುದಿಲ್ಲ. ಕೂತು ಕಿಟಕಿಗಳನ್ನು ನೋಡುತ್ತಾರೆ, ಅಷ್ಟೇ.

ಸಂಜೆ ಜನ ಬರುತ್ತಾರೆ. ಬಂದೇ ಬರುತ್ತಾರೆ. ಕುರ್ಚಿಗಳು ತುಂಬಿ, ಗೋಡೆಯ ಬದಿಯೂ ತುಂಬುತ್ತದೆ. ಆದರೆ ಅವರ ಕೈಗಳಲ್ಲಿ ಏನಿದೆ ನೋಡಿ: ಕಡ್ಡಿ ಕಿತ್ತ ಛತ್ರಿಗಳು, ಮೊಂಡು ಕತ್ತರಿಗಳು, ಹಿಡಿ ಅಲ್ಲಾಡುವ ಚಾಕುಗಳು. ತರಕಾರಿ ಚೀಲ ಹಿಡಿದವರೂ ಇದ್ದಾರೆ. ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತಿದ್ದಾನೆ.

‘ಚಾಕು ಹಿಡ್ಕೊಂಡು ಸಭೆಗೆ ಬರೋ ಹಾಗಿಲ್ಲ!’

‘ಇದು ಚಾಕು ಅಂತೆ! ಟೊಮೇಟೊನೂ ಕುಯ್ಯಲ್ಲಪ್ಪ ಇದು. ಅದಕ್ಕೇ ತಂದಿರೋದು.’

‘ಇದೇನ್ರೀ ಇದು?’ ಎಂದು ಕಾರ್ಯದರ್ಶಿ ಓಡಿ ಬರುತ್ತಾರೆ.

‘ಇವತ್ತು ರಿಪೇರಿ ಎಲ್ಲ ನಗರಸಭೇಲೇ ಅಂತಲ್ಲ ಸಾರ್,’ ಎನ್ನುತ್ತಾರೆ ಎರಡು ಛತ್ರಿ ಹಿಡಿದ ಹೆಂಗಸು. ‘ಬೆಳಿಗ್ಗೆ ಮೈಕಲ್ಲಿ ಹೇಳಿದ್ರು.’

ಮೈಕಮ್ಮ ಬೆಳಗಿನ ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತಾರೆ. ಮೊದಲ ಸಲ ಅಷ್ಟು ದೊಡ್ಡ ವಾಕ್ಯ ಕೆಡಿಸಿತು. ಈ ಸಲ ಅವರೇ ಕಟ್ಟಿದ ಇಷ್ಟು ಚಿಕ್ಕ ವಾಕ್ಯವೂ ಕೈಕೊಟ್ಟಿದೆ. ‘ಸಭೆ’ ಎಂಬ ಪದವೊಂದನ್ನು ಹಾಕಲು ಅವರಿಗೆ ಮರೆತೇಹೋಗಿತ್ತು!

‘ನೋಡಿದ್ರಾ ಮೇಡಂ? ಮತ್ತೆ ಎಡವಟ್ಟು,’ ಎನ್ನುತ್ತಾರೆ ಹಿರಿಯ ಸದಸ್ಯರು, ಬಹಳ ಸಂತೋಷದಿಂದ.

ಅಧ್ಯಕ್ಷೆ ಎದ್ದು ಬಂದು ಆ ಹೆಂಗಸಿನ ಕೈಯಿಂದ ಒಂದು ಛತ್ರಿ ತೆಗೆದುಕೊಂಡು ಬಿಚ್ಚುತ್ತಾರೆ. ಅದು ಅರ್ಧ ಬಿಚ್ಚಿ, ರೆಕ್ಕೆ ಮುರಿದ ಹಕ್ಕಿಯ ಹಾಗೆ ಒಂದು ಬದಿಗೆ ಜೋಲುತ್ತದೆ.

‘ಯಾವಾಗಿಂದ ಹೀಗಿದೆ ಇದು?’

‘ಬೀದಿ ಮುಚ್ಚಿದಾಗಿಂದ.’

‘ಬೇರೆ ಕಡೆ ಕೊಡಬಹುದಿತ್ತಲ್ಲ?’

‘ಎಲ್ಲಿ ಕೊಡ್ಲಿ ಮೇಡಂ? ದೊಡ್ಡಂಗಡಿಗೆ ಹೋದ್ರೆ ಹೊಸದು ತಗೊಳ್ಳಿ ಅಂತಾರೆ. ಇದು ನಮ್ಮಮ್ಮಂದು. ಅಜ್ಜ ಕೂತ್ಕೊಳ್ಳೋ ಜಾಗದಲ್ಲಿ ಕಾರು ನಿಂತಿದೆ. ಕಾರಿಗೆ ಛತ್ರಿ ರಿಪೇರಿ ಮಾಡೋಕೆ ಬರುತ್ತಾ?’

ಕೋಣೆಯಲ್ಲಿ ನಗು ಎದ್ದು ಇಳಿಯುತ್ತದೆ. ಅಧ್ಯಕ್ಷೆ ಆ ಛತ್ರಿಯನ್ನು ಮೇಜಿನ ಮೇಲೆ, ನಕ್ಷೆಯಲ್ಲಿ ಪೇಟೆ ಬೀದಿ ಇರುವ ಕಡೆ ಇಡುತ್ತಾರೆ. ಹಿಂದೆ ನಿಂತವರು ಅದೇ ಕ್ರಮವೆಂದುಕೊಂಡು ತಮ್ಮ ತಮ್ಮ ಛತ್ರಿ, ಕತ್ತರಿಗಳನ್ನೂ ತಂದು ಅಲ್ಲೇ ಇಡುತ್ತಾರೆ. ನೋಡುನೋಡುತ್ತಿದ್ದಂತೆ ಊರಿನ ನಕ್ಷೆ ಮುಚ್ಚಿಹೋಗುತ್ತದೆ. ಇಷ್ಟು ದಿನ ಮನೆಗಳ ಮೂಲೆಯಲ್ಲಿ ಕಾದು ಕೂತಿದ್ದ ಮುರುಕುಗಳೆಲ್ಲ ಸಾಕ್ಷಿ ಹೇಳಲು ಬಂದಂತಿವೆ. ಯಾರೂ ಜಾಗ ಕೇಳುತ್ತಿಲ್ಲ ಎಂದಿದ್ದ ಸದಸ್ಯರು ನೀರು ಕುಡಿಯುತ್ತಾರೆ.

‘ಎಲ್ಲರೂ ಕೂತ್ಕೊಳ್ಳಿ,’ ಎನ್ನುತ್ತಾರೆ ಅಧ್ಯಕ್ಷೆ. ‘ಸಭೆ ಶುರು ಮಾಡೋಣ.’

ಮಾತು ಬಹಳ ಹೊತ್ತು ನಡೆಯುತ್ತದೆ. ಕಾರಿನವರಿಗೂ ಹೇಳುವುದಿದೆ. ಆಸ್ಪತ್ರೆಗೆ ಬರುವವರು ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಒಬ್ಬರು ಕೇಳಿದಾಗ ತರಕಾರಿ ಅಕ್ಕನೂ ತಲೆಯಾಡಿಸುತ್ತಾರೆ. ಛತ್ರಿ ಅಜ್ಜನಿಗೆ ಮಾತ್ರ ಸುಮ್ಮನೆ ಕೂರಲಾಗುವುದಿಲ್ಲ. ಮೂಲೆಯಲ್ಲಿ ನೆಲದ ಮೇಲೆ ಕೂತು, ಸೊಂಟದ ಚೀಲದಿಂದ ಇಕ್ಕಳ ತೆಗೆದು, ಚರ್ಚೆಯ ನಡುವೆಯೇ ಟಿಕ್ ಟಿಕ್ ಎಂದು ಕಡ್ಡಿ ಕೂಡಿಸುತ್ತಾರೆ. ಕೊನೆಗೆ ತೀರ್ಮಾನ: ಬೆಳಗಿನಿಂದ ಮಧ್ಯಾಹ್ನದವರೆಗೆ ಪೇಟೆ ಬೀದಿ ಕೂತು ದುಡಿಯುವವರದು, ಆಮೇಲೆ ಕಾರುಗಳದು. ಮಳೆಗಾಲ ಮುಗಿಯುವ ತನಕ ಹೀಗೆ ನಡೆಸಿ ನೋಡುವುದು. ಪೂರ್ತಿ ಗೆಲುವಲ್ಲ. ಆದರೆ ಅಜ್ಜ ಅಷ್ಟರಲ್ಲಿ ಆ ಹೆಂಗಸಿನ ಅಮ್ಮನ ಛತ್ರಿಯನ್ನು ಬಿಚ್ಚಿ ತೋರಿಸುತ್ತಾರೆ, ಕೋಣೆ ಚಪ್ಪಾಳೆ ತಟ್ಟುತ್ತದೆ. ಚಪ್ಪಾಳೆ ತೀರ್ಮಾನಕ್ಕೋ ಛತ್ರಿಗೋ ಎಂದು ಯಾರೂ ಕೇಳುವುದಿಲ್ಲ.

ಇಂಪಾದ ದನಿಯ ರೆಕಾರ್ಡಿನ ವಿಷಯ ಮುಂದಿನ ಸಭೆಗೆ ಹೋಗಿದೆ. ‘ಮುಂದಕ್ಕೆ ಹೋದ ವಿಷಯಕ್ಕೆ ನಗರಸಭೇಲಿ ಆಯಸ್ಸು ಜಾಸ್ತಿ. ಅಷ್ಟರಲ್ಲಿ ನೀನು ನಿವೃತ್ತಿ ಆಗಿರ್ತೀಯ ಬಿಡಕ್ಕಾ,’ ಎಂದು ಡ್ರೈವರು ಧೈರ್ಯ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ತೀರ್ಮಾನವನ್ನು ಊರಿಗೆ ತಿಳಿಸಬೇಕು. ಇವತ್ತು ವ್ಯಾನಿನಲ್ಲಿ ಬೇರೆ ಯಾರೂ ಇಲ್ಲ. ಅಜ್ಜ ಜಾಗ ಹಿಡಿಯಲು ಆಗಲೇ ಹೋಗಿದ್ದಾರೆ. ಕೂಗಬೇಕಾದ್ದು ಮೈಕಮ್ಮನೇ, ಅದೇ ಹಳೆಯ ದನಿಯಲ್ಲೇ. ಕಾರ್ಯದರ್ಶಿ ಈ ಸಲ ಏನೂ ಬರೆದುಕೊಟ್ಟಿಲ್ಲ. ‘ನೀವೇ ಹೇಳಿಬಿಡಿ’ ಎಂದಿದ್ದಾರೆ.

ಮೊದಲ ಬೀದಿಯ ತಿರುವಿನಲ್ಲಿ ಮೈಕಮ್ಮ ‘ನಾಗರಿಕರೇ’ ಎನ್ನುವುದಿಲ್ಲ. ನೇರವಾಗಿ ಹೇಳುತ್ತಾರೆ: ‘ಪೇಟೆ ಬೀದಿ ತೆರೆದಿದೆ. ಬನ್ನಿ.’

ಒಂದು ಕಿಟಕಿ ಮುಚ್ಚುತ್ತದೆ. ಇನ್ನೊಂದೂ ಮುಚ್ಚುತ್ತದೆ. ವ್ಯಾನು ನಿಧಾನಕ್ಕೆ ಮುಂದೆ ಸಾಗಿ ಬೀದಿಯ ಕೊನೆಯ ಮನೆಯನ್ನೂ ದಾಟುತ್ತದೆ. ಆಗ ಹಿಂದಿನಿಂದ, ಬೆನ್ನಿಗೆ ತಾಗುವ ಹಾಗೆ, ಒಬ್ಬ ಹೆಂಗಸಿನ ಕೂಗು: ‘ರೀ, ಮೈಕಮ್ಮಾ! ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ!’

ಡ್ರೈವರು ಗೇರು ಬದಲಿಸಿ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಾರೆ. ಮೈಕಮ್ಮ ಮೈಕಿನ ಗುಂಡಿಯನ್ನು ಆರಿಸಿ, ಕಿಟಕಿಯಿಂದ ಹೊರಕ್ಕೆ ಬಾಗುತ್ತಾರೆ.

‘ಇಷ್ಟು ದಿನ ಕೂಗಿದೀನಿ,’ ಎನ್ನುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾ. ‘ಇನ್ನೊಂದ್ಸಲ ಹೇಳು ಅಂತ ಕೇಳಿದೋರು ಇವರೇ ಮೊದಲು. ಸ್ವಲ್ಪ ನಿಲ್ಸು ಅಣ್ಣ. ಹತ್ರ ಹೋಗಿ ಹೇಳಿ ಬರ್ತೀನಿ.’